ನಾಲ್ಕೆತ್ತಿನ ಏರು ಮತ್ತು ನನ್ನದೊಂದು ಷರಾ

ಏರು ಎನ್ನುವುದು ನನ್ನ ಮಟ್ಟಿಗೆ ಬಹುಕಾಲ ಕಾಗದದ ಮೇಲಿನ ಸಂಗತಿಯಾಗಿತ್ತು. ಮನೆ ಶಿಕಾರಿಪುರದಲ್ಲಿ, ನೌಕರಿ ಸೊರಬದ ಕಡೆ. ಜಮೀನು ಅಳೆಯುವ ಕಚೇರಿಯೊಂದರಲ್ಲಿ ಸರ್ವೆಯರ್. ಕಚೇರಿಯ ಹೆಸರು ಬೇಡ. ನನ್ನ ಹೆಸರಂತೂ ಇದನ್ನು ಓದಿ ಮುಗಿಸಿದ ಮೇಲೆ ನಿಮಗೇ ಬೇಡವೆನಿಸುತ್ತದೆ. ಮೂವತ್ತು ವರ್ಷಗಳಲ್ಲಿ ಗುಡ್ಡದ ಮೇಲಿನ ಜಮೀನುಗಳನ್ನು ಬೇಕಾದಷ್ಟು ಅಳೆದಿದ್ದೇನೆ. ಅಳೆದಿದ್ದೇನೆ ಎಂದರೆ, ಸರಪಳಿ ಹಿಡಿದು ಮೇಲೆ ಹತ್ತಿದವರು ಜಮೀನಿನ ಯಜಮಾನರು. ಕೆಳಗೆ ಮರದ ನೆರಳಿನಲ್ಲಿ ನಿಂತು "ಇನ್ನೂ ಸ್ವಲ್ಪ ಮೇಲೆ ಹೋಗ್ರಿ, ಇನ್ನೂ ಸ್ವಲ್ಪ" ಎನ್ನುತ್ತಿದ್ದವನು ನಾನು. ಇಷ್ಟಕ್ಕೇ ಈ ಜನ ಯಾಕೆ ಹೀಗೆ ಏದುಸಿರು ಬಿಡುತ್ತಾರೆ ಎಂದು ಆಗ ನನಗೆ ಆಶ್ಚರ್ಯವಾಗುತ್ತಿತ್ತು. ಉತ್ತರ ಸಿಗಲು ಐವತ್ತಾರು ವರ್ಷವಾಗಬೇಕಾಯಿತು.

ಅದಕ್ಕೆ ಕಾರಣ ಅಶ್ವಿನಿ. ನಮ್ಮ ಕಚೇರಿಗೆ ಹೊಸದಾಗಿ ಬಂದ ಹುಡುಗಿ, ಅವಳೂ ಸರ್ವೆಯರ್. ರಜೆ ಬಂತೆಂದರೆ ಸೈಕಲ್ ಹತ್ತಿ ಯಾವುದಾದರೊಂದು ಘಟ್ಟಕ್ಕೆ ಹೋಗುವಳು, ಸೋಮವಾರ ಚಹಾದ ಹೊತ್ತಿಗೆ ಮೊಬೈಲಿನಲ್ಲಿ ಫೋಟೊ ತೋರಿಸುವಳು. ಒಂದು ಸೋಮವಾರ ಅವಳು, "ಸರ್, ಚಂದ್ರಗುತ್ತಿ ಕಡೆ ಎರಡು ಗುಡ್ಡದ ಮಧ್ಯೆ ಒಂದು ಕಣಿವೆ ದಾರಿ ಇದೆಯಂತಲ್ಲ, ನಾಲ್ಕೆತ್ತಿನ ಏರು ಅಂತ? ಭಾರಿ ಕಡಿದಾಗಿದೆಯಂತೆ. ನಾನಿನ್ನೂ ಹೋಗಿಲ್ಲ" ಎಂದಳು. ಸುಮ್ಮನೆ ಚಹಾ ಕುಡಿದಿದ್ದರೆ ಆಗಿತ್ತು. "ಅದಾ? ನಾನು ನೋಡಿದ್ದೀನಮ್ಮ. ಅದೇನು ಮಹಾ ಏರು. ಕಾಲು ನೆಲಕ್ಕೆ ಮುಟ್ಟಿಸದೆ ಹತ್ತಬಹುದು" ಎಂದುಬಿಟ್ಟೆ. ನೋಡಿದ್ದು ಸುಳ್ಳಲ್ಲ, ಜೀಪಿನೊಳಗಿನಿಂದ ನೋಡಿದ್ದೆ. "ಹಂಗಾದ್ರೆ ಹತ್ತಿ ತೋರಿಸಿ ಸರ್" ಎಂದು ಇಡೀ ಕಚೇರಿ ಗಂಟುಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡನೇ ಶನಿವಾರಕ್ಕೆ ಮುಹೂರ್ತ ಇಟ್ಟಾಯಿತು.

ಶಿಕಾರಿಪುರದಲ್ಲಿ ಸೈಕಲ್ ಅಂಗಡಿಯ ರಹಮತ್ ಸಾಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗನಿಗೋ ಮೊಮ್ಮಗನಿಗೋ ಎಂದು ಕೇಳಿದರು. ನನಗೇ ಎಂದ ಮೇಲೆ ಸ್ವಲ್ಪ ಹೊತ್ತು ಚೈನಿಗೆ ಎಣ್ಣೆ ಬಿಡುತ್ತ ಕುಳಿತರು. ಆಮೇಲೆ ಇಪ್ಪತ್ತೊಂದು ಗೇರಿನದೊಂದನ್ನು ಹೊರಗೆ ತೆಗೆದು, "ಏರು ಬಂತಂದ್ರ ಹಗೂರ ಗೇರಿಗೆ ಹಾಕ್ರಿ. ಒಂದು ಮಾತು ನೆನಪಿಟ್ಕಳ್ರಿ ಸಾಹೇಬ್ರೆ, ಗೇರು ಎಷ್ಟಿದ್ರೂ ಕಾಲು ಎರಡೇ" ಎಂದರು. ಮನೆಯಲ್ಲಿ ನನ್ನ ಹೆಂಡತಿ ಶಾರದೆ ಸೈಕಲ್ಲಿಗೆ ಕುಂಕುಮ ಹಚ್ಚುತ್ತಲೇ ವಿಚಾರಣೆ ಶುರು ಮಾಡಿದಳು. "ರೀ, ಅಟ್ಟ ಹತ್ತಿ ಎರಡು ತೆಂಗಿನಕಾಯಿ ಇಳಿಸ್ಕೊಡ್ರಿ ಅಂದ್ರೆ ಮೊಣಕಾಲು ನೋವು ಅಂತೀರಿ. ಗುಡ್ಡ ಹತ್ತೋಕೆ ಯಾರ ಮೊಣಕಾಲು ತಗೊಂಡು ಹೋಗ್ತೀರಿ?" ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಬಾರದು ಎಂಬುದನ್ನು ಸಂಸಾರ ನನಗೆ ಕಲಿಸಿದೆ.

ಶನಿವಾರ ಬೆಳಿಗ್ಗೆ ಸೈಕಲ್ಲನ್ನು ಖಾಸಗಿ ಬಸ್ಸಿನ ಟಾಪಿಗೆ ಹಾಕಿಸಿ ಸೊರಬದಲ್ಲಿ ಇಳಿದೆ. ಅಲ್ಲಿಂದ ಮುಂದಿನ ದಾರಿ ಸೊಗಸಾಗಿತ್ತು. ಒಂದು ಕೆರೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆರೆ, ಗದ್ದೆ, ಅನಾನಸಿನ ಸಾಲು, ದೂರದಲ್ಲಿ ಚಂದ್ರಗುತ್ತಿಯ ಗುಡ್ಡ. ನೆಲ ಸಮತಟ್ಟಾಗಿರುವವರೆಗೆ ನಾನು ಯಾರಿಗೂ ಕಡಿಮೆಯಿಲ್ಲದ ಸವಾರ. ಕಷ್ಟವೆಂದರೆ ದಾರಿಯುದ್ದಕ್ಕೂ ಜನ ನನ್ನನ್ನು ನಿಲ್ಲಿಸಿ ಸಮಾಧಾನ ಹೇಳುತ್ತಿದ್ದದ್ದು. ಈ ವಯಸ್ಸಿನ, ಕನ್ನಡಕದ ಗಂಡಸೊಬ್ಬ ಸೈಕಲ್ ತುಳಿಯುತ್ತಿದ್ದಾನೆಂದರೆ ಅವನ ಬೈಕು ಕೆಟ್ಟಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು ಎಂಬುದು ಅವರ ಲೆಕ್ಕ. ಒಬ್ಬರಂತೂ ತಮ್ಮ ಬೈಕಿನ ಬೀಗದ ಕೈಯನ್ನೇ ಕೊಡಲು ಬಂದರು.

ಏರು ಶುರುವಾಯಿತು. ಮೊದಲನೆಯ ತಿರುವಿನಲ್ಲಿ ಹಗುರ ಗೇರಿಗೆ ಹಾಕಿದೆ. ಎರಡನೆಯದರಲ್ಲಿ ಇನ್ನೂ ಹಗುರದ್ದಕ್ಕೆ. ಮೂರನೆಯದರಲ್ಲಿ ಗೇರುಗಳೆಲ್ಲ ಮುಗಿದು ರಹಮತ್ ಸಾಬರ ಮಾತು ಉಳಿಯಿತು. ಆ ಹೊತ್ತಿಗೆ ಎಮ್ಮೆಯೊಂದು ನನ್ನನ್ನು ದಾಟಿಕೊಂಡು ಮುಂದೆ ಹೋಯಿತು. ಅದಕ್ಕೆ ಅವಸರವೇನೂ ಇರಲಿಲ್ಲ, ನಡುವೆ ನಿಂತು ಹುಲ್ಲನ್ನೂ ತಿಂದಿತು. ನನ್ನ ಕಾಲು ನೆಲಕ್ಕೆ ಮುಟ್ಟಿದ್ದನ್ನು ನೋಡಿದ ಸಾಕ್ಷಿ ಅದೊಂದೇ ಎಂಬ ಧೈರ್ಯದಲ್ಲಿ ಕಲ್ಲೊಂದರ ಮೇಲೆ ಕುಕ್ಕರಿಸಿದೆ. ಆದರೆ ಎಮ್ಮೆ ಒಂದೇ ಬರುವುದಿಲ್ಲವಲ್ಲ. ಹಿಂದೆಯೇ ಅದರ ಯಜಮಾನ ಹುಚ್ಚಪ್ಪ, ಆತನ ಹೆಂಡತಿ ಗಂಗಮ್ಮ ಬಂದರು. ಏರಿನ ಬುಡದ ಹಳ್ಳಿಯವರು, ಇಬ್ಬರಿಗೂ ನನ್ನದೇ ವಯಸ್ಸು.

"ಸೈಕಲ್ ಮೇಲೆ ಕೂತ್ಕಳಿ ಮಾರಾಯ್ರೆ, ನಾವು ನೂಕ್ತೀವಿ" ಎಂದ ಹುಚ್ಚಪ್ಪ.

ಬೇಡವೆಂದೆ. ಒಬ್ಬನೇ ಹತ್ತಬೇಕೆಂದು ಹೊರಟಿದ್ದೇನೆ ಎಂದೆ.

"ಈ ಏರನ್ನ ಒಬ್ರೇ ಹತ್ತೋ ಪದ್ಧತಿ ಇಲ್ಲ. ಗಾಡಿ ಕಾಲ್ದಲ್ಲಿ ಒಂದು ಜೋಡಿ ಎತ್ತಿಗೆ ಇದು ಆಗ್ತಿರ್ಲಿಲ್ಲ. ಹಿಂದಿನ ಗಾಡಿಯೋರು ಬಂದು ತಮ್ಮ ಎತ್ತು ಬಿಚ್ಚಿ ಮುಂದಿನ ಗಾಡಿಗೆ ಕಟ್ಟೋರು. ಅದನ್ನ ಹತ್ಸಿ, ನಾಲ್ಕೂ ಎತ್ತು ಹೊಡ್ಕಂಡು ಬಂದು ಇದನ್ನ ಹತ್ಸೋರು. ಅದ್ಕೇ ಆ ಹೆಸ್ರು. ಹಿಂದೆ ಬಂದೋರು ಮುಂದಿನೋರನ್ನ ಬಿಟ್ಟು ಹೋಗಾಂಗಿಲ್ಲ. ಕೂತ್ಕಳಿ" ಎಂದ.

ಕೂತೆ. ನೂಕಿದರು. ಒಂದು ಕಡೆ ಹುಚ್ಚಪ್ಪ, ಇನ್ನೊಂದು ಕಡೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತೇ ಗಂಗಮ್ಮ. ಇಳಿದು ನಡೆಯುತ್ತೇನೆಂದರೆ ಪದ್ಧತಿ ಕೆಡುತ್ತದಂತೆ. ಮರ್ಯಾದೆಗೆಂದು ಆಗಾಗ ಪೆಡಲು ತುಳಿದಂತೆ ಮಾಡುತ್ತಿದ್ದೆ. "ಸುಮ್ನೆ ಕೂತ್ಕಳಿ, ಓಲಾಡ್ತದೆ" ಎಂದಳು ಗಂಗಮ್ಮ.

ಮೇಲೆ ಮುಟ್ಟಿದ ಮೇಲೆ ಅವರು ತಂದಿದ್ದ ಮಜ್ಜಿಗೆಯನ್ನು ನಾನೇ ಹೆಚ್ಚು ಕುಡಿದೆ. ಉಸಿರು ತಹಬಂದಿಗೆ ಬಂದಾಗ, ಇಷ್ಟು ಕಡಿದಾದ ದಾರಿಯನ್ನು ಹೀಗೇ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಬುದ್ಧಿವಂತನಂತೆ ಕೇಳಿದೆ. ಹುಚ್ಚಪ್ಪ ನಕ್ಕ. "ಗುಡ್ಡ ಬಳ್ಸಿ ಬೇರೆ ದಾರಿಗೆ ಜಾಗ ಗುರ್ತು ಮಾಡ್ಕೊಡಿ ಅಂತ ನಮ್ಮಪ್ಪ ಇದ್ದಾಗ್ಲೇ ಅರ್ಜಿ ಕೊಟ್ಟಿದ್ವಿ. ಸರ್ವೆ ಸಾಹೇಬ್ರು ಜೀಪಲ್ಲಿ ಬಂದ್ರು. ಅವ್ವ ಹೋಳಿಗೆ ಮಾಡಿದ್ಲು, ಉಂಡ್ರು. 'ಏರು ಸಾಧಾರಣ' ಅಂತ ಷರಾ ಬರ್ದು ಹೋದ್ರು. ಅರ್ಜಿ ವಜಾ ಆತು. ಇವತ್ತಿಗೂ ಭತ್ತದ ಟ್ರ್ಯಾಕ್ಟರು ಅರ್ಧ ಲೋಡು ಇಳ್ಸಿ ಎರಡು ಸಲ ಹತ್ತತದೆ. ಈ ವಾರ ಮತ್ತೊಂದು ಅರ್ಜಿ ಕೊಟ್ಟೀವಿ ನೋಡಿ."

ಹೋಳಿಗೆ ಎಂದ ಕೂಡಲೇ ನನಗೆ ಎಲ್ಲ ನೆನಪಾಯಿತು. ನೌಕರಿಗೆ ಸೇರಿದ ಹೊಸತು. ಊಟದ ಮೇಲೆ ಜೀಪಿನಲ್ಲಿ ಕಣ್ಣು ಎಳೆಯುತ್ತಿತ್ತು. ಏರು ಹೇಗಿದೆಯಪ್ಪ ಎಂದು ಡ್ರೈವರನನ್ನು ಕೇಳಿದೆ. "ಸಾಧಾರಣ ಸರ್, ಸೆಕೆಂಡ್ ಗೇರಲ್ಲಿ ಹೋಗ್ತದೆ" ಎಂದ. ಬರೆದುಕೊಂಡೆ. ಅಷ್ಟೇ ನಡೆದದ್ದು. ನನಗೆ ನಾಚಿಕೆಯಾಯಿತು, ಮಜ್ಜಿಗೆಯ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆದರೂ ನಾನೇ ಅವನು ಎಂದು ಹೇಳಲು ಬಾಯಿ ಬರಲಿಲ್ಲ. "ಪಾಪ, ಆತನಿಗೆ ಗೊತ್ತಾಗಿರಲಿಕ್ಕಿಲ್ಲ" ಎಂದೆ.

"ಗೊತ್ತಿಲ್ದಿದ್ರೆ ಇಳ್ದು ನೋಡ್ಬೇಕಿತ್ತಲ್ರೀ" ಎಂದಳು ಗಂಗಮ್ಮ. ಸಿಟ್ಟಿನಿಂದಲ್ಲ, ಸುಮ್ಮನೆ ಹೇಳಿದಳು.

ನನ್ನ ಸಣ್ಣತನ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹೊರಡುವ ಮುನ್ನ ಹುಚ್ಚಪ್ಪನ ಕೈಯಿಂದಲೇ ಫೋಟೊ ತೆಗೆಸಿಕೊಂಡೆ: ಕಣಿವೆಯ ನೆತ್ತಿ, ಸೈಕಲ್ಲು, ಸೊಂಟದ ಮೇಲೆ ಕೈ ಇಟ್ಟ ನಾನು. ಸಂಜೆ ಅದನ್ನು ಸ್ಟೇಟಸ್ಸಿಗೂ ಹಾಕಿದೆ. ಸೋಮವಾರ ಕಚೇರಿಯಲ್ಲಿ ಎಲ್ಲರೂ ಎದ್ದು ಕೈ ಕುಲುಕಿದರು. ಒಂಟಿಯಾಗಿ ಹತ್ತಿದ್ದು ದೊಡ್ಡದು ಸರ್ ಎಂದರು. ನಾನು ಇಲ್ಲವೆನ್ನಲಿಲ್ಲ. ಮೊಣಕಾಲು ಮಡಚಲು ಬಾರದೆ ನಿಂತೇ ಇದ್ದೆ, ಅದೂ ವಿನಯದಂತೆ ಕಂಡಿರಬೇಕು.

ಮಧ್ಯಾಹ್ನ ಅಶ್ವಿನಿ ಒಂದು ಕಡತ ಹಿಡಿದುಕೊಂಡು ಬಂದಳು. ಹೊಸ ಅರ್ಜಿ ಮೇಲಿತ್ತು. ಕೆಳಗೆ ಹಳದಿಗಟ್ಟಿದ ಹಾಳೆಯಲ್ಲಿ ನನ್ನ ಅಕ್ಷರ, ನನ್ನ ಸಹಿ.

"ಸರ್, ಆ ಕಣಿವೆ ದಾರಿ ಬಗ್ಗೆ ಷರಾ ಬರೀಬೇಕಿತ್ತು. ಹಿಂದೆ 'ಏರು ಸಾಧಾರಣ' ಅಂತಿದೆ. ನೀವು ಮೊನ್ನೆ ತಾನೆ ಕಾಲು ಮುಟ್ಟಿಸದೆ ಹತ್ತಿ ಬಂದಿದ್ದೀರಲ್ಲ. ಜೀಪ್ ಯಾಕೆ ದಂಡ, ಅದೇ ಇರ್ಲಾ?"

ಇಡೀ ಕಚೇರಿ ನನ್ನ ಕಡೆ ನೋಡುತ್ತಿತ್ತು. ಹೂಂ ಎಂದಿದ್ದರೆ ಸಾಕಿತ್ತು, ಆ ಹೂಂ ನಾಲಿಗೆಯ ತುದಿಗೆ ಬಂದೂ ಇತ್ತು.

"ಬರ್ಕೊಳಮ್ಮ" ಎಂದೆ. "ಏರು ಬಹಳ ಕಡಿದಾಗಿರುತ್ತದೆ. ಸೈಕಲ್ಲಿನ ಮೇಲೆ ಒಬ್ಬ ಕೂತಿದ್ದರೆ ಹಿಂದಿನಿಂದ ಇಬ್ಬರು ನೂಕಬೇಕಾಗುತ್ತದೆ."

ಅವಳ ಪೆನ್ನು ನಿಂತಿತು. "ಇಬ್ರು ಅನ್ನೋದು ಅಂದಾಜಾ ಸರ್?"

"ಅಲ್ಲ" ಎಂದೆ. "ಖುದ್ದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುತ್ತದೆ."