ಸೋತವರ ಬಾಯಿಗೆ ಬೆಲ್ಲ

ನಮ್ಮ ನೀಲಾ ಪಾಸಾದಳು. ಧಾರವಾಡದ ಹೆಣ್ಣುಮಕ್ಕಳ ಇಂಗ್ಲಿಷ್ ಶಾಲೆಯಿಂದ ನಿನ್ನೆ ಮುಂಜಾನೆ ಕಾರ್ಡು ಬಂತು. ನನ್ನ ಮೊಮ್ಮಗಳನ್ನು ನೇರವಾಗಿ ಇಂಗ್ಲಿಷ್ ಎರಡನೇ ಇಯತ್ತೆಗೆ ತೆಗೆದುಕೊಂಡಿದ್ದಾರೆ. ಹಿಂದುಮುಂದಿಲ್ಲದೆ ಈ ಮಾತನ್ನು ಮೊದಲೇ ಹೇಳಿಬಿಟ್ಟೆ, ಕ್ಷಮಿಸಬೇಕು. ಹಾಲು ಹಾಕುವವಳಿಗೆ ಹೇಳಿದೆ, ನೀರು ಹೊರುವವನಿಗೆ ಕೊಡ ಇಳಿಸುವ ಮೊದಲೇ ಹೇಳಿದೆ, ಎದುರು ಕಟ್ಟೆಯ ಮೇಲೆ ಕುಳಿತಿದ್ದ ಕಿವುಡ ಕಾಕಾನಿಗೆ ಮೂರು ಸಲ ಹೇಳಿದೆ. ಈಗ ನಮ್ಮ ಓಣಿಯಲ್ಲಿ ಹೇಳಲು ಜನ ಉಳಿದಿಲ್ಲ, ಅದಕ್ಕೆಂದೇ ಬರೆಯಲು ಕುಳಿತೆ. ಸಂತೋಷ ಎಷ್ಟೆಂದರೆ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ. ದಣಿವು ಎಷ್ಟೆಂದರೆ ಎದ್ದು ನಿಲ್ಲಲೂ ಆಗುವುದಿಲ್ಲ. ಪರೀಕ್ಷೆ ಕೊಟ್ಟವಳು ಹನ್ನೊಂದು ವರ್ಷದ ಹುಡುಗಿ, ಸೊರಗಿದವಳು ಅರವತ್ತು ದಾಟಿದ ನಾನು. ಒಂದೇ ಒಂದು ಇಂಗ್ಲಿಷ್ ಶಬ್ದ ನನ್ನನ್ನು ಈ ಗತಿಗೆ ತಂದಿದೆ.

ನಾನು ಕಲಿತದ್ದು ಕನ್ನಡ ಮೂರನೇ ಇಯತ್ತೆ. ನನ್ನ ಅಕ್ಷರಗಳು ಕಾಗದದ ಮೇಲೆ ಗುಡ್ಡ ಹತ್ತುತ್ತವೆ. ಮೇಲೆ ಹೋದದ್ದನ್ನು ಕೆಳಗೆ ತರುವುದೇ ಒಂದು ಕೆಲಸ. ಇಂಥವಳಿಗೆ ಇಂಗ್ಲಿಷಿನ ಉಸಾಬರಿ ಯಾಕೆ ಬಂತು ಎಂದು ಕೇಳಿದರೆ, ಮೊದಲು ನಮ್ಮ ಮನೆಯ ಮಾತಿನ ರೀತಿ ಹೇಳಬೇಕು. ನಮ್ಮದು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರದ ಮನೆ. ಈ ಮನೆಯಲ್ಲಿ ಯಾವ ಮಾತನ್ನೂ ನೆಟ್ಟಗೆ ಆಡುವ ರೂಢಿಯಿಲ್ಲ. ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು. ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ‘ಒಂದು’ ಅನ್ನಬಾರದು, ‘ಲಾಭ’ ಅನ್ನಬೇಕು. ಎಣಿಕೆ ಎರಡರಿಂದ ಸುರು. ಹೊರಟು ನಿಂತವರು ಬರುತ್ತೇನೆ ಅಂತಲೇ ಹೋಗಬೇಕು. ನನ್ನ ತವರಿನಲ್ಲಿ ಇಷ್ಟೆಲ್ಲ ಇರಲಿಲ್ಲ. ನಾನು ಸೊಸೆಯಾಗಿ ಈ ಮನೆಗೆ ಹೊಸದಾಗಿ ನಡೆಯಲು ಬಂದಾಗ ಒಂದು ದಿನ ಅತ್ತೆ, “ಜೋಳ ಹೆಚ್ಚ್ಯಾವ, ನೋಡವಾ” ಅಂದರು. ಹೆಚ್ಚಿದ್ದರೆ ಒಳ್ಳೆಯದೇ ಆಯಿತು ಎಂದು ನಾನು ಸಮಾಧಾನವಾಗಿ ಹೂವು ಕಟ್ಟುತ್ತ ಕುಳಿತೆ. ಜೋಳ ಪೂರಾ ತೀರಿದೆ ಎಂಬುದು ಗೊತ್ತಾದದ್ದು ಹಿಟ್ಟಿನ ಡಬ್ಬಿ ತೆರೆದಾಗ. ಆ ದಿನ ರೊಟ್ಟಿಯಿಲ್ಲದೆ ಎದ್ದ ಮಾವನವರು ನನ್ನ ಕಡೆ ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ.

ಈ ಕಟ್ಟಳೆಗಳಲ್ಲೆಲ್ಲ ಬಿಗಿಯಾದದ್ದು ಒಂದಿತ್ತು: ಯಾರೂ ‘ನಾ ಗೆದ್ದೆ’ ಅನ್ನಬಾರದು. ಮಧ್ಯಾಹ್ನ ಚೌಕಾಬಾರಾ ಆಡುವಾಗಲೂ ಅಷ್ಟೆ. ನಾಲ್ಕೂ ಕಾಯಿ ನಡುವಿನ ಮನೆ ಸೇರಿದರೆ ‘ಹಣ್ಣಾದವು’ ಎಂದು ಮೆಲ್ಲಗೆ ಹೇಳಿ, ತಲೆ ತಗ್ಗಿಸಿ, ಸೋತವರ ಬಾಯಿಗೆ ಒಂದು ಚೂರು ಬೆಲ್ಲ ಹಾಕಬೇಕು. “ಗೆದ್ದೆ ಅಂತ ಬಾಯಿ ತಗದ್ರ ಮುಂದಿನ ಸಲ ಶಿವ ಕವಡಿ ತಿರುವಿ ಹಾಕ್ತಾನ” ಎಂದು ಅತ್ತೆ ಹೇಳುತ್ತಿದ್ದರು. ನನಗೆ ಈ ಕಟ್ಟಳೆಯಿಂದ ಏನೂ ತೊಂದರೆಯಾಗಲಿಲ್ಲ. ನನ್ನ ಆಟ ಅಷ್ಟಕ್ಕಷ್ಟೆ. ಅತ್ತೆಯ ಕೈಯಿಂದ ನಾನು ತಿಂದ ಬೆಲ್ಲ ಕೂಡಿಸಿದರೆ ಒಂದು ಪೆಂಟೆಯಾದರೂ ಆದೀತು. ನಾನು ಸೋಲುವುದಕ್ಕೆ ಒಗ್ಗಿದ್ದು ಆ ಬೆಲ್ಲದ ರುಚಿಯಿಂದಲೋ ಏನೋ. ಮುಂದೆ ನಾನು ಅತ್ತೆಯಾದೆ, ಮೊಮ್ಮಗಳಿಗೆ ಆಯಿಯಾದೆ; ಅವರ ಮಾತನ್ನೇ ಒಂದಕ್ಷರ ಬಿಡದೆ ನೀಲಾಗೂ ಹೇಳಿಕೊಟ್ಟೆ. ಹುಡುಗಿ ಚಂದ ಕಲಿತಳು. ನನ್ನ ದುರ್ದೈವ, ಬಹಳ ಚಂದ ಕಲಿತಳು.

ನೀಲಾ ಕನ್ನಡ ನಾಲ್ಕನೇ ಇಯತ್ತೆ ಮುಗಿಸಿದ ಮೇಲೆ ಅವಳ ತಂದೆ, ಅಂದರೆ ನನ್ನ ಮಗ ಬಸಪ್ಪ, ಮನೆಯಲ್ಲೇ ಒಂದು ವರ್ಷ ಮಾಸ್ತರರನ್ನಿಟ್ಟು ಇಂಗ್ಲಿಷ್ ಹೇಳಿಸಿದ. ಧಾರವಾಡದ ಸಪ್ತಾಪುರದಲ್ಲಿ ನನ್ನ ಮಗಳ ಮನೆಯಿದೆ, ಉಳಿಯಲು ಅಡ್ಡಿಯಿರಲಿಲ್ಲ. ಆದರೆ ಬಸಪ್ಪ ಒಂದು ಗೆರೆ ಎಳೆದ. “ಅವ್ವಾ, ಸಾಲಿಯವರು ನೇರ ಇಂಗ್ಲಿಷ್ ಎರಡನೇ ಇಯತ್ತೇಕ ತೊಗೊಂಡ್ರ ಕಳಸ್ತೀನಿ. ತೊಗೊಳ್ಳಲಿಲ್ಲ, ಅಲ್ಲಿಗೆ ಸಾಲಿ ಮುಗೀತು. ಮನ್ಯಾಗ ಹೊಲಿಗಿ ಕಲೀಲಿ. ಮುಂದ ಒಂದ ಛಲೋ ಮನಿ ನೋಡೂಣು.” ಅವನು ಕೆಟ್ಟವನಲ್ಲ. ಒಮ್ಮೆ ಆಡಿದ ದರ ಬದಲಿಸಬಾರದು ಎಂಬ ಪೇಟೆಯ ಅಭ್ಯಾಸ ಮನೆಗೂ ಬಂದಿದೆ, ಅಷ್ಟೆ. ನೀಲಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮರುದಿನದಿಂದ ಕೋಳಿ ಕೂಗುವ ಮೊದಲೇ ಎದ್ದು ಓದತೊಡಗಿದಳು.

ಮಾಸ್ತರರು ದಿನಾ ಸಂಜೆ ಬಂದು ಕ್ರಿಯಾಪದಗಳನ್ನು ಕಲಿಸುತ್ತಿದ್ದರು. ತಿನ್ನುವುದು, ಓಡುವುದು, ಕಾಣುವುದು ಎಲ್ಲ ಸುಗಮವಾಗಿ ಸಾಗಿದವು. ಒಂದು ಸಂಜೆ ಗೆಲ್ಲುವುದು ಬಂತು, ಗಾಡಿ ನಿಂತಿತು. ನಾನು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದೆ.

“ಹೇಳವಾ, ಐ ವಿನ್,” ಅಂದರು ಮಾಸ್ತರರು.

“ಯೂ ವಿನ್, ಸರ್,” ಅಂದಳು ನೀಲಾ.

“ನನ್ನ ಬಿಡು, ನಿನ್ನ ಮಾತು ಹೇಳು.”

ನೀಲಾ ತನ್ನ ತಂದೆಯನ್ನು ಗೆಲ್ಲಿಸಿದಳು, ಆಮೇಲೆ ತಾಯಿಯನ್ನು, ಆಮೇಲೆ ನನ್ನನ್ನು, ಕಡೆಗೆ ದೇವರನ್ನು. ಮಾಸ್ತರರು ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ ನನ್ನ ಹತ್ತಿರ ಬಂದರು.

“ಅಮ್ಮಾವರ, ಈಕಿ ಊರಾಗಿನವರನ್ನೆಲ್ಲಾ ಗೆಲ್ಲಸ್ತಾಳ್ರಿ. ತಾ ಮಾತ್ರ ಗೆಲ್ಲಾಕ ಒಲ್ಲೆ ಅಂತಾಳ.”

“ಇರ್ಲಿ ಬಿಡ್ರಿ ಮಾಸ್ತರ, ವಿನಯ ಐತಿ ಅಂತಾರ.”

“ವಿನಯಕ್ಕ ಅಲ್ಲಿ ಮಾರ್ಕು ಇಲ್ರಿ. ಆ ಸಾಲಿ ನಡಸೂ ದೊಡ್ಡ ಅಕ್ಕೋರು ಪ್ರತಿ ಹುಡುಗಿಗೂ ಇದನ್ನ ಕೇಳ್ತಾರ. ನೀ ಯಾವಾಗ ಗೆದ್ದೀದಿ, ಇಂಗ್ಲಿಷಿನ್ಯಾಗ ಹೇಳು ಅಂತ. ಬಾಯಿ ಬಿಡದವರನ್ನ ಮುಂದಿನ ವರ್ಷ ಬಾ ಅಂತ ತಿರುಗಿ ಕಳಸ್ತಾರ.”

ನಮ್ಮ ನೀಲಾಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಅವಳನ್ನು ಕರೆದು ಕೇಳಿದೆ. “ಯಾಕವಾ, ಒಂದ ಮಾತು ಅಂದ್ರ ನಿನ್ನ ಗಂಟೇನು ಹೋಗ್ತದ?” ಅವಳು ನನ್ನ ಮುಖವನ್ನೇ ನೋಡಿದಳು. “ನೀನ ಹೇಳೀದಿಯಲ್ಲ ಆಯಿ. ಪರೀಕ್ಷಾದ ಹೊತ್ತಿನ್ಯಾಗ ಶಿವ ಕವಡಿ ತಿರುವಿ ಹಾಕಿದ್ರ?” ಬೀಗ ನಾನೇ ಹಾಕಿದ್ದೆ, ತೆಗೆಯುವವಳೂ ನಾನೇ ಆಗಬೇಕಿತ್ತು.

ಹೀಗಾಗಿ ಅಡುಗೆಮನೆಯ ಹೊರಗಿನ ಅಂಗಳದಲ್ಲಿ ನನ್ನ ಇಂಗ್ಲಿಷ್ ಶಾಲೆ ಸುರುವಾಯಿತು. ದಿನಾ ಮಧ್ಯಾಹ್ನ ಚೌಕಾಬಾರಾ. ಗೆದ್ದವರು ಎದ್ದು ನಿಂತು ಗಟ್ಟಿಯಾಗಿ ‘ಐ ವಿನ್’ ಅನ್ನಬೇಕು. ಮೊದಲನೆಯ ದಿನ ನಾನೇ ಗೆದ್ದೆ. ಮೊಣಕಾಲು ಹಿಡಿದುಕೊಂಡು ಎದ್ದೆ. ‘ಐ’ ಬಂತು, ಅದರ ಹಿಂದೆ ಕೆಮ್ಮು ಬಂತು. ಬಾಗಿಲೊಳಗೆ ಕಾಣುವ ಗೋಡೆಯ ಮೇಲಿನ ಪಟದೊಳಗಿಂದ ತೀರಿಹೋದ ಅತ್ತೆ ನೋಡುತ್ತಿದ್ದರು. “ಐ… ಶಿವನ ದಯಾ” ಎಂದು ಕುಳಿತುಬಿಟ್ಟೆ. ನೀಲಾ ಸೆರಗಿಲ್ಲದವಳು ಲಂಗದ ಅಂಚನ್ನೇ ಬಾಯಿಗಿಟ್ಟುಕೊಂಡು ನಕ್ಕಳು. ಎರಡನೆಯ ದಿನ ನನಗೊಂದು ವಿಚಾರ ಹೊಳೆಯಿತು: ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಷ್ಟು ಹೊಳೆದದ್ದೇ ತಡ, ಗಂಟಲು ತೆರೆಯಿತು. ಹೊರಗೆ ಕುಳಿತಿದ್ದ ನಮ್ಮ ಯಜಮಾನರು ಗಾಬರಿಯಾಗಿ ಬಂದರು.

“ಯಾಕ ಹಂಗ ಒದರಿದಿ? ಚೇಳು ಕಡೀತೇನು?”

“ಇಲ್ರಿ. ನಾ ಗೆದ್ದೆ.”

“ಏನ ಗೆದ್ದಿ?”

“ಚೌಕಾಬಾರಾ.”

“ಇಷ್ಟಕ್ಕ ಇಂಗ್ಲಿಷ್ ಯಾಕ ಬೇಕಾತು?” ಎಂದು ಅವರು ಹೊರಟುಹೋದರು. ನಲವತ್ತು ವರ್ಷ ಹತ್ತಿ ಮಾರಿ, ಎಂಥ ಒಳ್ಳೆಯ ವ್ಯಾಪಾರವಾದರೂ ಮನೆಗೆ ಬಂದು “ಏನೋ ಆತು” ಎಂದಷ್ಟೇ ಹೇಳಿದವರು ಅವರು.

ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆ ಶಬ್ದ ನನಗೆ ರುಚಿಸಿತು. ದಿನಾ ಗೆಲ್ಲತೊಡಗಿದೆ, ದಿನಾ ಒದರತೊಡಗಿದೆ. ಕಾಯಿಪಲ್ಯೆಯವಳಿಂದ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಕಿತ್ತುಕೊಂಡು ‘ಐ ವಿನ್’ ಅಂದೆ. ಅವಳು ಬುಟ್ಟಿ ಎತ್ತಿಕೊಳ್ಳುತ್ತ, “ಅಜ್ಜಿಗೆ ಮೈಯಾಗ ಆರಾಮ ಐತಿಲ್ರಿ?” ಎಂದು ನನ್ನ ಸೊಸೆ ಪಾರ್ವತಿಯನ್ನು ಕೇಳಿದಳು. ಪಾರ್ವತಿಯೂ ಅಷ್ಟರಲ್ಲಿ ಆ ಮಾತು ಕಲಿತುಬಿಟ್ಟಿದ್ದಳು. ನನಗಿಂತ ಮೊದಲು ಸ್ನಾನ ಮುಗಿಸಿದ ದಿನ ತಲೆಗೆ ಪಂಚೆ ಸುತ್ತಿಕೊಂಡು ನನ್ನೆದುರು ಸುಮ್ಮನೆ ಹಾದುಹೋಗುತ್ತ, ತುಟಿಯೊಳಗೇ ‘ಐ ವಿನ್’ ಅನ್ನುತ್ತಿದ್ದಳು. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಬಿಟ್ಟುಕೊಟ್ಟು ಬಾಳಿದ ಅತ್ತೆ ಸೊಸೆಯರು ನಾವು. ಒಂದು ತಿಂಗಳಲ್ಲಿ ಮನೆ ತುಂಬ ಗೆದ್ದವರೇ ಆದೆವು. ಎಲ್ಲರೂ ಗೆದ್ದ ಮನೆಯಲ್ಲಿ ಎಷ್ಟು ದಣಿವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಆದರೆ ನೀಲಾ ಮಾತ್ರ ಒಮ್ಮೆಯೂ ಅನ್ನಲಿಲ್ಲ. ಅವಳು ಒಮ್ಮೆಯೂ ಗೆಲ್ಲಲೇ ಇಲ್ಲ. ಪಾಪ, ಆಯಿಯಂಥ ಆಟಗಾರ್ತಿಯ ಎದುರು ಹುಡುಗಿ ಏನು ಮಾಡೀತು ಎಂದು ನಾನು ಮರುಗುತ್ತಿದ್ದೆ. ಪರೀಕ್ಷೆಗೆ ಎರಡು ದಿನ ಇದ್ದಾಗ ಪಾರ್ವತಿ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು:

“ಅತ್ತಿಯವರ, ಸಿಟ್ಟಾಗಬ್ಯಾಡ್ರಿ. ನೀವು ಗೆಲ್ಲಾಕತ್ತಿಲ್ರಿ.”

“ಮತ್ತ ದಿನಾ ಒದರಾಕತ್ತೀನಲ್ಲ?”

“ಒದರಾಕತ್ತೀರಿ, ಖರೇ. ಆಕಿ ಬಿಟ್ಟುಕೊಡಾಕತ್ತಾಳ್ರಿ. ನಿನ್ನೆ ನಿಮ್ಮ ಕಾಯಿ ಹೊಡಿಯೂಹಂಗ ಕವಡಿ ಬಿದ್ದಿದ್ದವು. ಕಾಣದವರಂಗ ಬ್ಯಾರೆ ಕಾಯಿ ನಡಿಸಿದ್ಲು. ಗೆದ್ರ ಆ ಮಾತು ಅನಬೇಕಾಗ್ತದಲ್ರಿ.”

ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ನಾನು ಇಳಿದೆ. ಓಣಿಗೆ ಕೇಳಿಸುವಂತೆ ಸಾರಿದ ನನ್ನ ಗೆಲುವುಗಳೆಲ್ಲ ಒಂದು ಹುಡುಗಿ ಕೈಯೆತ್ತಿ ಕೊಟ್ಟ ದಾನ.

ಮರುದಿನ ನಾನೂ ಒಂದು ನಿರ್ಧಾರ ಮಾಡಿ ಕುಳಿತೆ. ಇಂದು ನಾನು ಸೋಲಬೇಕು. ನಾನು ಸೋತರೆ ಅವಳು ಗೆದ್ದೇ ತೀರಬೇಕು, ಅಂದೇ ತೀರಬೇಕು. ಅಂಥ ಆಟ ಈ ಭೂಮಿಯ ಮೇಲೆ ಯಾರೂ ಆಡಿರಲಾರರು. ನಾನು ಅವಳ ಕಾಯಿಯ ಬಾಯಿಗೆ ನನ್ನ ಕಾಯಿ ಒಡ್ಡಿದೆ, ಅವಳು ಪಕ್ಕಕ್ಕೆ ಸರಿದಳು. ಅವಳು ಒಡ್ಡಿದಳು, ನಾನು ಕಾಣದವಳಂತೆ ಆಕಾಶ ನೋಡಿದೆ. ಉಂಡು ಕುಳಿತವರು, ದನ ಮನೆಗೆ ಬಂದರೂ ಎದ್ದಿರಲಿಲ್ಲ. ನನ್ನ ಮೊಣಕಾಲುಗಳು ಮೊದಲು ನೋಯುತ್ತಿದ್ದವು, ಆಮೇಲೆ ಇದ್ದಾವೋ ಇಲ್ಲವೋ ತಿಳಿಯದಾಯಿತು.

“ಆಯಿ, ನೀ ಬೇಕಂತ ಸೋಲಾಕತ್ತೀದಿ.”

“ನೀನೂ ಅದನ್ನ ಮಾಡಾಕತ್ತೀದಿ. ಯಾರು ಬಿಡ್ತಾರ ನೋಡೂಣು.”

ಕಡೆಗೆ ನನಗೆ ಒಂದೇ ಕಾಯಿ ಉಳಿದಿತ್ತು, ಅದಕ್ಕೆ ಒಂದೇ ದಾರಿ ಉಳಿದಿತ್ತು. ಕವಡಿ ಹಾಕಿದೆ. ಎಷ್ಟು ಬೀಳಬಾರದಿತ್ತೋ ಅಷ್ಟೇ ಬಿತ್ತು. ಕಾಯಿ ತಾನಾಗಿ ನಡುವಿನ ಮನೆ ಸೇರಿ ಹಣ್ಣಾಯಿತು. ಒದರಲು ಮನಸ್ಸಿರಲಿಲ್ಲ. ಸುಮ್ಮನೆ ಅವಳ ಬಾಯಿಗೆ ಬೆಲ್ಲ ಹಾಕಿದೆ. ಅವಳು ಕುಣಿಯುತ್ತ ಒಳಗೆ ಓಡಿದಳು. ನಾನು ಗೋಡೆ ಹಿಡಿದು ಎದ್ದೆ.

ಪರೀಕ್ಷೆಯ ದಿನ ಬಸಪ್ಪ, ನೀಲಾ, ನಾನು ಮುಂಜಾನೆಯ ರೈಲಿನಲ್ಲಿ ಧಾರವಾಡಕ್ಕೆ ಹೋದೆವು. ಶಾಲೆಯಲ್ಲಿ ದೊಡ್ಡ ಅಕ್ಕೋರ ಕೋಣೆಗೆ ಬಾಗಿಲ ಬದಲು ಪರದೆ ಇತ್ತು. ನೀಲಾ ಒಳಗೆ ಹೋದಳು, ನಾವಿಬ್ಬರೂ ಹೊರಗೆ ಕಟ್ಟಿಗೆಯ ಬಾಕಿನ ಮೇಲೆ ಕುಳಿತೆವು. ಒಳಗಿನ ಮಾತು ಕೇಳಿಸುತ್ತಿತ್ತು, ತಿಳಿಯುತ್ತಿರಲಿಲ್ಲ. ನನಗೆ ಗೊತ್ತಿರುವುದು ಒಂದೇ ಶಬ್ದ, ಕಿವಿ ಅದಕ್ಕಾಗಿಯೇ ಕಾದಿತ್ತು. ಬಂತು. ದೊಡ್ಡ ಅಕ್ಕೋರು ಕೇಳಿದರು. ಬಸಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ನೀಲಾ ಮಾತಾಡತೊಡಗಿದಳು, ಅಷ್ಟುದ್ದ. ನಡುವೆ ‘ಆಯಿ’ ಎಂಬುದು ಎರಡು ಸಲ ಕೇಳಿಸಿತು. ಮುಗಿಯಿತು, ಗೆಲುವನ್ನು ಮತ್ತೆ ನನಗೇ ಕೊಟ್ಟಳು ಎಂದು ನಾನು ಕಣ್ಣು ಮುಚ್ಚಿಕೊಂಡೆ. ಒಳಗೆ ಅಕ್ಕೋರು ನಕ್ಕದ್ದು ಕೇಳಿಸಿತು.

ಹೊರಗೆ ಬಂದವಳನ್ನು ಬಸಪ್ಪನೇ ಕೇಳಿದ. “ಏನಂದಿ?”

“ನಾನೂ ಆಯಿನೂ ಸೋಲೂ ಆಟ ಆಡಿದ್ದು ಹೇಳಿದೆ, ಅಪ್ಪಾ. ಇಬ್ಬರಿಗೂ ಸೋಲಬೇಕಾಗಿತ್ತು. ಕಡೀಕ ಬೆಲ್ಲ ಯಾರ ಬಾಯಾಗ ಬಿತ್ತು ಅಂತ ಅಕ್ಕೋರು ಕೇಳಿದ್ರು. ನನ್ನ ಬಾಯಾಗ, ಐ ವಿನ್ ಅಂದೆ.” ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ಅದರಾಗ ಗೆದ್ರ ಶಿವಗ ಸಿಟ್ಟು ಬರೂದಿಲ್ಲಲ್ಲ ಆಯಿ?” ಅಂದಳು. ನನ್ನನ್ನು ಕೇಳಿದರೆ ನಾನೇನು ಹೇಳಲಿ? ಇಲ್ಲ ಅಂದೆ.

ಇಷ್ಟಾದ ಮೇಲೆ ಎಂಟು ದಿನ ಕಾದು, ನಿನ್ನೆ ಕಾರ್ಡು ಬಂದದ್ದು. ಬಸಪ್ಪ ಅದನ್ನು ಎರಡು ಸಲ ಓದಿ, “ಆಡಿದ ಮಾತು ಆಡಿದಂಗ. ಸೋಮವಾರ ಕರಕೊಂಡು ಹೋಗ್ತೀನಿ” ಅಂದ. ಸಂಜೆಗೆ ಹೋಳಿಗೆ, ಎಣ್ಣೆಗಾಯಿ ಆಯಿತು. ನಮ್ಮಲ್ಲಿ ಗಂಡಸರ ಊಟವಾದ ಮೇಲೆಯೇ ಹೆಂಗಸರು ಕೂಡುವುದು. ನಿನ್ನೆ ಯಜಮಾನರು, “ಇವತ್ತ ಎಲ್ಲಾರೂ ಕೂಡೇ ಉಣ್ಣೂಣು” ಅಂದರು. ನಾನೂ ಪಾರ್ವತಿಯೂ ಅಳುಕುತ್ತಲೇ ಒಂದೇ ಸಾಲಿನಲ್ಲಿ ಕುಳಿತೆವು. ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿತ್ತು. ಆಗ ನೀಲಾ ಎದ್ದು ಬೆಲ್ಲದ ಡಬ್ಬಿ ತಂದಳು. ಒಂದು ಚೂರು ಮುರಿದಳು. ನಾನು ರೂಢಿಯಂತೆ ಬಾಯಿ ತೆರೆದೆ. ಅವಳು ನನ್ನನ್ನು ದಾಟಿ ತಂದೆಯ ಮುಂದೆ ನಿಂತಳು.

“ನನಗ್ಯಾಕವಾ?” ಅಂದ ಬಸಪ್ಪ.

“ನಿನ್ನ ಷರತ್ತಿನ್ಯಾಗ ನೀ ಸೋತೀಯಲ್ಲ, ಅಪ್ಪಾ.”

ಎಲ್ಲರ ಕೈ ಎಲೆಯ ಮೇಲೆಯೇ ನಿಂತಿತು. ಬಸಪ್ಪ ಮಗಳ ಮುಖವನ್ನು ಒಂದು ಗಳಿಗೆ ನೋಡಿದ, ಆಮೇಲೆ ಬಾಯಿ ತೆರೆದ. ಬೆಲ್ಲ ಅಗಿಯುತ್ತ ತಲೆ ತಗ್ಗಿಸಿದವನ ಮೀಸೆಯ ಕೆಳಗೆ ನಗು ಇದ್ದದ್ದನ್ನು ಹೆತ್ತವಳಾದ ನಾನು ಕಂಡೆ. ಯಜಮಾನರು ನನ್ನ ಕಡೆ ತಿರುಗಿ, “ಏನಂತೀ? ನಿನ್ನ ಇಂಗ್ಲಿಷ್ ಎಲ್ಲಿ ಹೋತು?” ಎಂದು ಕೆಣಕಿದರು. ಒಂದು ತಿಂಗಳು ಸುಳ್ಳು ಗೆಲುವಿಗೆಲ್ಲ ಒದರಿದವಳಿಗೆ ಆ ಹೊತ್ತಿನಲ್ಲಿ, “ಏನೋ, ಶಿವ ನಡಿಸಿಕೊಟ್ಟ” ಎಂದಷ್ಟೇ ಬಾಯಿಗೆ ಬಂತು. ಎಲ್ಲರೂ ನಕ್ಕು ಊಟಕ್ಕೆ ಕೈ ಹಾಕಿದರು. ನಾನೂ ಉಂಡೆ, ಹೊಟ್ಟೆ ತುಂಬ ಉಂಡೆ. ನೀಲಾ ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿ, ಎತ್ತಿ ನೆಲುವಿನ ಮೇಲೆ ಇಟ್ಟಳು. ಅದು ಮೇಲೆ ಹೋಗುವುದನ್ನೇ ನಾನು ನೋಡುತ್ತಿದ್ದೆ. ನಾನು ಗೆದ್ದವರ ಕಡೆಯವಳು, ನನಗೆ ಯಾರು ಬೆಲ್ಲ ಕೊಡುತ್ತಾರೆ?