ಬಲಗಡೆ ಪೆಟ್ಟಿಗೆಯ ಕಹಳೆ

ಮಾತಿಲ್ಲದ ಸಂಗೀತದಲ್ಲಿ ಕಥೆ ಇದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಥೆ ಇದ್ದರೆ ಬಾಯಿ ಬಿಟ್ಟು ಹೇಳಬೇಕಪ್ಪ! ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯಾವನೋ ಜರ್ಮನಿಯವನು ಬರೆದದ್ದನ್ನು ನೂರು ಜನ ಸೂಟು ತೊಟ್ಟು ಅರ್ಧ ಗಂಟೆ ಕುಯ್ದು, ಊದಿ, ಕೊನೆಗೆ 'ಬೆಟ್ಟದ ಮೇಲೆ ಸೂರ್ಯ ಹುಟ್ಟಿದ' ಎಂದರೆ ಯಾರು ನಂಬುತ್ತಾರೆ? ನಮ್ಮ ಸಾಗರದಲ್ಲೂ ಸೂರ್ಯ ಹುಟ್ಟುತ್ತಾನೆ. ಯಾರೂ ಕಹಳೆ ಊದುವುದಿಲ್ಲ.

ಈಗ ಇಷ್ಟೆಲ್ಲ ಹಾರಾಡುವ ನಾನು ತೀರ್ಥಹಳ್ಳಿಯ ವಕೀಲ ಸುಬ್ಬರಾಯರ ಮುಂದೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಹೊಸತು. ತಂಗಿ ಶಾರದೆಗೆ ಅವರ ಮಗನನ್ನು ಕೇಳಲು ಹೋಗಿದ್ದೆ. ಹುಡುಗ ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಜಾತಕ ಕೂಡಿತ್ತು, ಹುಡುಗ ಒಪ್ಪಿದ್ದ, ವಕೀಲರ ಒಂದು 'ಹೂಂ' ಬಾಕಿ. ಶಾರದೆ ಇನ್ನೂ ಏನೂ ಹೇಳಿರಲಿಲ್ಲ, ಅವಳನ್ನು ಯಾರೂ ಕೇಳಿಯೂ ಇರಲಿಲ್ಲ. ಆಗಲೇ ಎರಡು ಸಂಬಂಧ ತಪ್ಪಿದ್ದವು. ಇದೂ ತಪ್ಪಿದರೆ ಅಮ್ಮ ನನ್ನನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಮದುವೆಯ ಮಾತು ತೆಗೆಯುವ ಮೊದಲೇ ವಕೀಲರು ಗ್ರಾಮಫೋನಿನ ಮೇಲೆ ತಟ್ಟೆ ಇಟ್ಟರು. "ಮೂವತ್ತು ವರ್ಷದ ಹಿಂದಿನ ವಾದನ ಕಣ್ರೀ. ಈಗ ಸ್ಟೀರಿಯೋ ಮಾಡಿ ಮತ್ತೆ ಹೊರಗೆ ತಂದಿದ್ದಾರೆ! ಎಡಗಡೆ ಸ್ಪೀಕರ್ ಪೆಟ್ಟಿಗೇಲಿ ಪಿಟೀಲು, ಬಲಗಡೇಲಿ ಕಹಳೆ." ಹಳೇ ತಪ್ಪಲೆಗೆ ಕಲಾಯಿ ಹಾಕಿ ಹೊಸದೆಂದು ಮಾರುವವರನ್ನು ನಾನು ಸಂತೆಯಲ್ಲಿ ಕಂಡಿದ್ದೇನೆ. ಈ ತಟ್ಟೆ ಮಾಡಿದವರೂ ಅದೇ ಕುಲ.

ವಕೀಲರು ಕಣ್ಣು ಮುಚ್ಚಿಕೊಂಡು, "ಈಗ ಬಿರುಗಾಳಿ... ಈಗ ನಾಯಕ ಸಾಯ್ತಾನೆ" ಎಂದು ವರದಿ ಒಪ್ಪಿಸುತ್ತಿದ್ದರು. ಆ ಪುಣ್ಯಾತ್ಮ ಸಾಯಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ತಿಥಿ ಊಟವೇ ಮುಗಿಯುತ್ತಿತ್ತು.

"ಬಲಗಡೆ ಕಹಳೆ ಕೇಳ್ತಾ?"

"ಆಹಾ! ಕಿವಿಯ ಹತ್ತಿರವೇ ನಿಂತು ಊದಿದ ಹಾಗಿದೆ ರಾಯರೇ!" ಎಂದೆ.

ಮೂಲೆಯಲ್ಲಿ ಕೂತಿದ್ದ ಹುಡುಗ ಮೆಲ್ಲಗೆ, "ಅಪ್ಪಯ್ಯ, ಬಲಗಡೆ ಪೆಟ್ಟಿಗೆ ಉಸಿರೇ ಬಿಡ್ತಿಲ್ಲ" ಎಂದ.

"ನಿಂಗೆ ಕಿವಿ ಇಲ್ಲ, ಸುಮ್ನಿರು!"

"ಅಭ್ಯಾಸ ಬೇಕು" ಎಂದು ನಾನೂ ಒಗ್ಗರಣೆ ಹಾಕಿದೆ.

ಅಷ್ಟರಲ್ಲಿ ಒಳಗಿನಿಂದ ವಕೀಲರ ತಾಯಿ ಬಂದರು. "ಸುಬ್ಬೂ, ಆ ಪೆಟ್ಟಿಗೆ ತಂತಿ ಹುಡುಕಬೇಡ, ನಾನೇ ಬಿಚ್ಕೊಂಡಿದ್ದೀನಿ. ಮಡಿಸೀರೆ ಹರವೋ ಹಗ್ಗ ಹರಿದಿತ್ತು." ವಕೀಲರು ಹಿತ್ತಿಲಿಗೆ ಓಡಿದರು, ನಾನೂ ಹಿಂದೆಯೇ ಹೋದೆ. ಎರಡು ಕಂಬದ ನಡುವೆ ಸ್ಟೀರಿಯೋ ತಂತಿ, ಅದರ ಮೇಲೆ ಒದ್ದೆ ಸೀರೆ. "ಮುಟ್ಟೀಯ, ಜೋಕೆ! ಮೈಲಿಗೆ ಆಗ್ತದೆ. ಒಣಗಿದ ಮೇಲೆ ಕೊಡ್ತೀನಿ" ಎಂದರು ಅವರ ತಾಯಿ, ಹಿಂಬಾಗಿಲಲ್ಲಿ ನಿಂತು. ಕೋರ್ಟಿನಲ್ಲಿ ಗುಡುಗುವ ಮನುಷ್ಯ ಕೈ ಕಟ್ಟಿಕೊಂಡು ನಿಂತುಬಿಟ್ಟರು.

ಅವರು ನನ್ನ ಮುಖ ನೋಡಿದರು, ನಾನು ಬಾವಿಕಟ್ಟೆ ನೋಡಿದೆ. ಕಹಳೆ ಕೇಳಲಿಲ್ಲ ಎಂದು ಅವರು ಒಪ್ಪಿದರೆ ದಡ್ಡರಾಗುತ್ತಿದ್ದರು, ನಾನು ಒಪ್ಪಿದರೆ ಸುಳ್ಳುಗಾರನಾಗುತ್ತಿದ್ದೆ. ಕೊನೆಗೆ ವಕೀಲರು ಗಂಟಲು ಸರಿಮಾಡಿಕೊಂಡು, "ಇಂಥ ರಸಿಕರ ಸಂಬಂಧ ಬಿಡೋದುಂಟಾ? ಹುಡುಗೀಗೂ ಒಪ್ಪಿಗೆ ಅಂತ ಒಂದು ಕಾಗದ ಹಾಕಿ, ಸಾಕು" ಎಂದರು.

ಮನೆಗೆ ಬಂದು, ಗೆದ್ದೆ ಎಂಬ ಠೀವಿಯಲ್ಲಿ ಎಲ್ಲವನ್ನೂ ವರ್ಣಿಸಿದೆ. "ಹುಡುಗನಿಗೆ ಮಾತ್ರ ಸಂಗೀತದ ಗಂಧವೇ ಇಲ್ಲ" ಎಂದು ಕೊರಗಿದೆ ಕೂಡ. ಶಾರದೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಕೇಳ್ತಿಲ್ಲ ಅಂತ ಹೇಳಿದ್ದು ಅವರೊಬ್ರೇನಾ?"

"ಹೂಂ."

"ಹಾಗಾದ್ರೆ ಒಪ್ಪಿಗೆ ಅಂತ ಇವತ್ತೇ ಬರೆದುಬಿಡು ಅಣ್ಣಯ್ಯ. ಇದ್ದದ್ದು ಇದ್ದ ಹಾಗೆ ಹೇಳೋ ಗಂಡಸನ್ನ ಈ ಮನೇಲಂತೂ ನೋಡೋ ಯೋಗ ಬರ್ಲಿಲ್ಲ."