ಇಪ್ಪತ್ತಾರು ಟಿಕ್ಕು

ಚಿಕ್ಕರಾಜು ಕೆಟ್ಟಿದ್ದು ಇಪ್ಪತ್ತಾರು ಪುಟ್ಟ ಚೌಕಗಳಿಂದ.

ದೊಡ್ಡಆಲಹಳ್ಳಿಯ ಈ ಬಿ.ಕಾಂ. ಪದವೀಧರ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದ. ಆ ಸೋಮವಾರ ಬೆಳಿಗ್ಗೆ ಅವನಪ್ಪ ಚಿಕ್ಕಹನುಮಯ್ಯ ಕುರಿದೊಡ್ಡಿಯ ಬಾಗಿಲು ತೆಗೆಯುತ್ತಾ ಕಡ್ಡಿ ಮುರಿದಂತೆ ಹೇಳಿಬಿಟ್ಟ: “ಇವತ್ತೇ ಕೊನೆ ಕಣ್ಲಾ. ಸಂಜೆಗೆ ಕೆಲ್ಸ ಸಿಕ್ತು ಅಂತ ಬಂದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಕುರಿ ಹಿಂದೆ ಓಗು.”

ಚಿಕ್ಕರಾಜುವಿಗೆ ಕುರಿಗಳೆಂದರೆ ದಿಗಿಲು. ಕುರಿಗಳಿಗೂ ಅವನ ಮೇಲೆ ಕಾಸಿನ ಮರ್ಯಾದೆ ಇರಲಿಲ್ಲ.

ಒಂಬತ್ತಕ್ಕೆಲ್ಲ ಅವನು ಕನಕಪುರದ ಸೈಬರ್ ಸೆಂಟರಿನಲ್ಲಿದ್ದ. ಕೆಲಸ ಕೊಡಿಸುವ ವೆಬ್‌ಸೈಟಿನಲ್ಲಿ ಆರು ತಿಂಗಳ ಹಿಂದೆಯೇ ಹೆಸರು ಹಾಕಿದ್ದ. ಈವರೆಗೆ ರಾಂಗ್ ನಂಬರ್ ಕೂಡ ಬಂದಿರಲಿಲ್ಲ. ಸೆಂಟರಿನ ಒಡತಿ ನೂರ್ಜಹಾನ್ ಅವನ ಬೆನ್ನ ಹಿಂದೆ ನಿಂತು ಪರದೆ ನೋಡಿದಳು.

“ಆರು ತಿಂಗಳಿಂದ ಇದನ್ನ ಮುಟ್ಟೇ ಇಲ್ಲವಲ್ಲ ನೀವು! ವಾರಕ್ಕೊಂದು ಸಲ ತೆಗೆದು ಸರಿ ಮಾಡ್ತಾ ಇದ್ರೆ ನಿಮ್ಮ ಹೆಸರು ಮೇಲೆ ಬರುತ್ತೆ. ಕಂಪ್ನಿಯವ್ರು ಏನು ಕೇಳಿದ್ದಾರೋ ಓದಿ, ನಿಮಗೆ ಬರೋದನ್ನಷ್ಟೇ ಹಾಕಿ.”

“ನಂಗೆ ಬರೋದು ಲೆಕ್ಕ ಬರ್ಯೋ ಟ್ಯಾಲಿ ಒಂದೇ ಕಣಕ್ಕ. ಅದೂ ಒಸಿ.”

“ಹಾಗಾದ್ರೆ ಅದನ್ನೇ ಹಾಕಿ,” ಎಂದು ಅವಳು ಹಠ ಹಿಡಿದ ಪ್ರಿಂಟರನ್ನು ವಿಚಾರಿಸಿಕೊಳ್ಳಲು ಹೋದಳು.

‘ನಿಮಗೆ ಬರುವ ಕೆಲಸಗಳು’ ಎಂಬಲ್ಲಿ ಇಪ್ಪತ್ತಾರು ಚೌಕಗಳಿದ್ದವು. ಒಂದೇ ಗಾಳ ಹಾಕಿದರೆ ಮೀನು ಕಚ್ಚದೇ ಹೋಗಬಹುದು. ಇಪ್ಪತ್ತಾರು ಹಾಕಿದರೆ ಒಂದಾದರೂ ಕಚ್ಚದೇ ಇರುತ್ತದೆಯೇ? ಟಕ, ಟಕ, ಟಕ. ವೆಲ್ಡಿಂಗು, ಅಡುಗೆ, ಟೈಲರಿಂಗು, ಫ್ರೆಂಚ್ ಭಾಷೆ ಎಲ್ಲಕ್ಕೂ ಟಿಕ್ಕು ಬಿತ್ತು. ‘ಎಷ್ಟು ಜನರನ್ನು ನಿಭಾಯಿಸಿದ್ದೀರಿ’ ಎಂದಿದ್ದಲ್ಲಿ ಕುರಿಗಳನ್ನು ಎಣಿಸಿ ‘ಎಂಬತ್ತು’ ಎಂದು ತುಂಬಿದ.

ಆಗಿನ್ನೂ ಮೊಬೈಲು ಬೀದಿಗೊಂದು ಇದ್ದರೆ ಹೆಚ್ಚು. ಅವರ ಬೀದಿಯದು ಪಕ್ಕದ ಮನೆಯ ಮುನಿಯಮ್ಮನ ಹತ್ತಿರ ಇತ್ತು. ಚಿಕ್ಕರಾಜು ಕೊಟ್ಟಿದ್ದದ್ದು ಅದೇ ನಂಬರು.

ಮುನಿಯಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗ ಫೋನ್ ಬಡಿದುಕೊಂಡಿತು.

“ಹಲೋ, ಚಿಕ್ಕರಾಜು ಅವರಾ? ಹಾರೋಹಳ್ಳಿ ಫ್ಯಾಕ್ಟರಿಯಿಂದ ಮಾತಾಡ್ತಿರೋದು.”

“ಅವ್ನು ಪ್ಯಾಟೆಗೋಗವ್ನೆ. ಏನಾಗ್ಬೇಕಿತ್ತು, ನಂಗೇಳಿ.”

“ಸೂಪರ್‌ವೈಸರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತಮ್ಮ. ಅವರು ಕೆಲಸಗಾರರನ್ನ ಸಂಭಾಳಿಸ್ತಾರಾ?”

“ಅದೇನ್ ಮಾ ವಿದ್ಯೆ ಸ್ವಾಮಿ! ಸೊಪ್ಪು ಕೀಳೋ ಆಳುಗ್ಳಿಗೆ ನಾನು ಮೊದ್ಲು ಒಟ್ಟೆ ತುಂಬ ಇಕ್ತೀನಿ, ಆಮ್ಯಾಕೆ ಬಯ್ತೀನಿ. ಮೊದ್ಲು ಬೈದು ಆಮ್ಯಾಕೆ ಇಕ್ದೋರು ಉದ್ದಾರ ಆಗಿದ್ದನ್ನ ನಾ ಕಾಣೆ.”

ಆ ಕಡೆಯವರು ಅಷ್ಟಕ್ಕೇ ಒಪ್ಪಿಬಿಟ್ಟರು. “ಎರಡು ಗಂಟೆಗೆ ಕಳಿಸಿ,” ಎಂದು ಫೋನ್ ಇಟ್ಟರು.

ಅವನಿಗೆ ಸುದ್ದಿ ಮುಟ್ಟಿಸುವುದು ಹೇಗೆ? ಮುನಿಯಮ್ಮ ಹುಳುಗಳನ್ನು ಸೊಸೆಗೆ ಒಪ್ಪಿಸಿ, ಮುದ್ದೆ–ಉಪ್ಸಾರಿನ ಕ್ಯಾರಿಯರ್ ಹಿಡಿದು ಖುದ್ದಾಗಿ ಬಸ್ ಹತ್ತಿದಳು. ಕನಕಪುರದಲ್ಲಿ ಅವನನ್ನು ಕುರ್ಚಿಯಿಂದ ಎಬ್ಬಿಸಿ, ಹಾರೋಹಳ್ಳಿ ಬಸ್ಸಿಗೆ ತಳ್ಳಿ, ತಾನೂ ಹತ್ತಿದಳು.

ಬಸ್ಸು ಊರು ದಾಟುವುದರೊಳಗೆ ಅವಳು ವಿಷಯವನ್ನು ಇಡೀ ಬಸ್ಸಿಗೆ ಸಾರಿಯಾಗಿತ್ತು. “ಕಾಲ್ ಮ್ಯಾಲೆ ಕಾಲ್ ಆಕ್ಬ್ಯಾಡ ಕಣಪ್ಪ, ಸಾಯೇಬ್ರಿಗೆ ಕ್ವಾಪ ಬತ್ತದೆ,” ಎಂದರು ಮುಂದಿನ ಸೀಟಿನ ದಾಸಪ್ಪ. “ಆಕ್ಲೇಬೇಕು ಕಣ್ಲಾ! ಇಲ್ದಿದ್ರೆ ಅಳ್ಳಿ ಗಮಾರ ಅಂದ್ಕತಾರೆ,” ಎಂದು ಹಿಂದಿನ ಸೀಟಿನ ಪುಟ್ಟಲಿಂಗಯ್ಯ ಗುಡುಗಿದ. ಇಬ್ಬರಿಗೂ ಜಗಳ ಹತ್ತಿತು. ಇಂಟರ್‌ವ್ಯೂ ಕೋಣೆಯಲ್ಲಿ ಚಿಕ್ಕರಾಜು ಇಬ್ಬರ ಮಾತನ್ನೂ ನಡೆಸಿಕೊಡಲು ಹೋಗಿ, ಕಾಲು ಹಾಕುತ್ತಾ ಇಳಿಸುತ್ತಾ ಒಂದು ಚಪ್ಪಲಿಯನ್ನು ಮೇಜಿನಡಿಗೆ ಹಾರಿಸಿದ.

ಅಂಗಿ ಹೊಲಿಯುವ ಆ ಫ್ಯಾಕ್ಟರಿಯ ಮ್ಯಾನೇಜರ್ ಮನೋಹರ್ ಚಪ್ಪಲಿಯನ್ನು ಕಾಲಿನಿಂದಲೇ ವಾಪಸು ತಳ್ಳಿ, ಕಾಗದ ನೋಡಿದರು.

“ಫ್ರೆಂಚ್ ಬರುತ್ತಾ?”

“ಮಾತಾಡಾಕಿಲ್ಲ ಸಾರ್. ಒಸಿ ಅರ್ಥ ಆಯ್ತದೆ.”

“ವೆಲ್ಡಿಂಗ್?”

“ದೂರದಿಂದ ನೋಡಿವ್ನಿ ಸಾರ್.”

“ಹೋಗ್ಲಿ, ಟೈಲರಿಂಗ್ ಆದ್ರೂ ಬರುತ್ತೇನ್ರೀ?”

ಮೂರಕ್ಕೂ ಇಲ್ಲವೆಂದರೆ ಚೆನ್ನಾಗಿರುವುದಿಲ್ಲ. ಅಪ್ಪನ ಮುಖವೂ ಅದರ ಹಿಂದೆ ಎಂಬತ್ತು ಕುರಿಗಳ ಮುಖಗಳೂ ಕಣ್ಮುಂದೆ ಬಂದವು. “ಅದು ಚೆಂದಾಗಿ ಬತ್ತದೆ ಸಾರ್!” ಎಂದುಬಿಟ್ಟ.

“ಹಾಗಾದ್ರೆ ಬನ್ನಿ, ಒಂದು ಕೈ ತೋರ್ಸಿ.”

ಉದ್ದನೆಯ ಹಾಲ್‌ನಲ್ಲಿ ಅರವತ್ತು ಹೆಂಗಸರು ಹೊಲಿಯುತ್ತಿದ್ದರು. ಚಿಕ್ಕರಾಜು ಒಂದು ಮೆಷಿನ್ನಿನ ಮುಂದೆ ಕೂತು, ದೇವರನ್ನು ನೆನೆದು ಪೆಡಲ್ ಒತ್ತಿದ. ಕರೆಂಟಿನ ಮೆಷಿನ್ನು ಹಗ್ಗ ಕಿತ್ತ ಹೋರಿಯಂತೆ ನುಗ್ಗಿತು. ಅಂಗಿಯ ಕಾಲರಿಗೆ ತೋಳು ಕೂಡಿತು, ತೋಳಿಗೆ ಜೇಬು ಕೂಡಿತು, ಕೊನೆಗೆ ಚಿಕ್ಕರಾಜುವಿನ ಅಂಗಿಯ ಕೈಯೂ ಕೂಡಿಕೊಂಡಿತು. ಗಾಬರಿಯಿಂದ ಎದ್ದು ಎಳೆದರೆ ದಾರಕ್ಕೆ ಸಿಕ್ಕಿಕೊಂಡ ಪಕ್ಕದ ಮೇಜಿನ ಬಟ್ಟೆಯ ರಾಶಿಯೆಲ್ಲ ಅವನ ಹಿಂದೆಯೇ ಮೆರವಣಿಗೆ ಹೊರಟಿತು.

ಅರವತ್ತು ಮೆಷಿನ್ನುಗಳೂ ನಿಂತವು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಕಮ್ಮ ಎಂಬಾಕೆ ನಕ್ಕೂ ನಕ್ಕೂ ಸ್ಟೂಲಿನಿಂದ ಕೆಳಗೆ ಬಿದ್ದಳು. “ಸೈಲೆನ್ಸ್! ಸೈಲೆನ್ಸ್!” ಎಂದು ಮ್ಯಾನೇಜರು ಕೂಗಿದ್ದು ಜಾತ್ರೆಯಲ್ಲಿ ಊದಿದ ಪೀಪಿಯಂತಾಯಿತು.

ಅಷ್ಟರಲ್ಲಿ ಗದ್ದಲ ಕೇಳಿ, ಗೇಟಿನ ಬಳಿ ಕಾಯುತ್ತಿದ್ದ ಮುನಿಯಮ್ಮ ವಾಚ್‌ಮನ್ನನ್ನು ಸರಿಸಿ ಕ್ಯಾರಿಯರ್ ಸಮೇತ ಒಳಗೆ ಬಂದಳು.

“ಏನ್ರವ್ವಾ ಅದು ನಗಾಡೋದು? ಕೂತ್ಕಳ್ರಿ ಎಲ್ಲಾ! ಏಯ್ ಅಸುರು ಬಳೆಯವ್ಳೇ, ಆ ಕತ್ರಿ ಕೊಡಿಲ್ಲಿ.” ಕಚಕ್ಕನೆ ಚಿಕ್ಕರಾಜುವಿನ ಅಂಗಿಯ ಕೈ ಕತ್ತರಿಸಿ ಅವನನ್ನು ಬಿಡಿಸಿದಳು. “ಉಂಡ್ರಾ ಎಲ್ಲಾರೂ?”

“ಇಲ್ಲ ಕಣಕ್ಕ, ಇನ್ನೂ ಬೆಲ್ ವಡ್ದಿಲ್ಲ,” ಎಂದಳು ಅಂಕಮ್ಮ ನೆಲದಿಂದಲೇ.

“ಎಲ್ಡೂವರೆ ಆದ್ರೂ ಉಣ್ಣಾಕ್ ಬುಟ್ಟಿಲ್ವಾ?” ಮುನಿಯಮ್ಮ ಮ್ಯಾನೇಜರ ಕಡೆ ತಿರುಗಿದಳು. “ಅದ್ಕೇಯ ಸ್ವಾಮಿ ನಿಮ್ ಮಾತು ಕೇಳ್ತಿಲ್ಲ. ಓಗ್ರವ್ವಾ, ಬೇಗ ಉಂಡ್ಕೊಂಡ್ ಬನ್ನಿ. ಬಂದ್ಮ್ಯಾಕೆ ನಗು ಕೇಳುಸ್ತೋ, ನೋಡಿ ಮತ್ತೆ!”

ಅರ್ಧ ಗಂಟೆಯಲ್ಲಿ ಅರವತ್ತು ಮೆಷಿನ್ನುಗಳೂ ಜೇನುಗೂಡಿನಂತೆ ಗುಂಯ್‌ಗುಡುತ್ತಿದ್ದವು. ಮೂರು ತಿಂಗಳಲ್ಲಿ ನಾಲ್ಕು ಸೂಪರ್‌ವೈಸರುಗಳು ಕೈಮುಗಿದು ಓಡಿಹೋದ ಜಾಗ ಅದು. ಮನೋಹರ್ ಬಾಯಿ ಬಿಟ್ಟುಕೊಂಡು ನೋಡಿದರು.

“ಬೆಳಿಗ್ಗೆ ಫೋನಲ್ಲಿ ಮಾತಾಡಿದ್ದು ನೀವೇನಾ?”

“ಊಂ, ನಾನೇಯ.”

“ಎಷ್ಟು ಓದಿದೀರಮ್ಮ?”

“ಏಳ್ನೇ ಕ್ಲಾಸು. ಯಾಕೆ?”

ನಾಲ್ಕು ಗಂಟೆಗೆ ಮ್ಯಾನೇಜರು ಸಹಿ ಹಾಕಿದ ನೇಮಕದ ಕಾಗದ ಹಿಡಿದು ಬಂದರು. ಚಿಕ್ಕರಾಜು ಅರ್ಧ ತೋಳಿನ ಕೈಯನ್ನು ಚಾಚಿದ. ಕಾಗದ ಅವನ ಕೈಯನ್ನು ದಾಟಿಕೊಂಡು ಮುನಿಯಮ್ಮನ ಕೈಗೆ ಹೋಯಿತು.

ವಾಪಸು ಬರುವಾಗ ಮುನಿಯಮ್ಮ ಕಿಟಕಿಯ ಪಕ್ಕ ಕೂತು, ಒಂದೊಂದೇ ಅಕ್ಷರ ಕೂಡಿಸಿ ಕಾಗದ ಓದುತ್ತಿದ್ದಳು. ಕನಕಪುರ ಹತ್ತಿರವಾದಂತೆ ಚಿಕ್ಕರಾಜು ಅವಳ ಕಡೆ ಸ್ವಲ್ಪ ಸರಿದ.

“ದೊಡ್ಡಮ್ಮ, ಬಟ್ಟೆ ಮಡಚಾಕೆ ಇಬ್ರು ಬೇಕು ಅಂತಿದ್ರಲ್ಲ ಅಲ್ಲಿ. ನನ್ನ ಸೇರಿಸ್ಕಬುಡು. ಅಪ್ಪಂಗೆ ಮುಖ ತೋರ್ಸೋ ಅಂಗಾದ್ರೂ ಆಯ್ತದೆ.”

ಮುನಿಯಮ್ಮ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಹುಡುಗನನ್ನು ಇವತ್ತೇ ಮೊದಲು ಕಂಡವಳಂತೆ ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅದ್ನೆಲ್ಲ ಬಸ್ಸಲ್ಲಿ ಮಾತಾಡ್ಬಾರ್ದು ಕಣಪ್ಪ,” ಎಂದಳು. “ಕಂಪ್ಯೂಟ್ರಲ್ಲಿ ಅರ್ಜಿ ಆಕು. ನಾವು ನೋಡಿ ಫೋನ್ ಮಾಡ್ತೀವಿ.”